ಹಳೆಯ ಲಘು ವಿಮಾನದ ಪೆಟ್ರೋಲ್ ಟ್ಯಾಂಕು: ಸೋರಿಕೆ ಮತ್ತು ದುರಸ್ತಿ

ಲಘು ವಿಮಾನದ ಇಂಧನ ಟ್ಯಾಂಕು ತೆಳು ತಗಡಿನ, ಅಲ್ಯೂಮಿನಿಯಮ್ಮಿನ, ರಬ್ಬರಿನ ಇಲ್ಲವೆ ಫೈಬರ್‌ಗ್ಲಾಸಿನ ಒಂದು ಪಾತ್ರೆ. ಎರಡು ಆಸನದ ಹಳೆಯ ವಿಮಾನಗಳಲ್ಲಿ ಅದು ಹಿಡಿಸುವುದು 45ರಿಂದ 90 ಲೀಟರ್ ಪೆಟ್ರೋಲ್. ಪಾತ್ರೆ ಚಿಕ್ಕದು, ಅದನ್ನು ಕೂರಿಸಿದ ಜಾಗ ಮಾತ್ರ ಅಪಾಯದ್ದು. ಅಮೆರಿಕದ ಪೈಪರ್ ಜೆ-3 ಕಬ್ ವಿಮಾನದ 12 ಗ್ಯಾಲನ್ ಟ್ಯಾಂಕು ಎಂಜಿನ್ನಿನ ಹಿಂದಿರುವ ಬೆಂಕಿತಡೆ ಗೋಡೆಗೂ ಮುಂದಿನ ಆಸನದಲ್ಲಿ ಕೂತವನ ಮೊಣಕಾಲಿಗೂ ನಡುವೆ ಇದೆ. ಬ್ರಿಟನ್ನಿನ ಟೈಗರ್ ಮಾತ್ ವಿಮಾನದ 19 ಗ್ಯಾಲನ್ ಟ್ಯಾಂಕು, ಅಂದರೆ ಸುಮಾರು 86 ಲೀಟರಿನದು, ಮೇಲಿನ ರೆಕ್ಕೆಯ ನಡುಭಾಗವೇ ಆಗಿಬಿಟ್ಟಿದೆ. ಎರಡರಲ್ಲೂ ಪಂಪ್ ಇಲ್ಲ. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಎಂಜಿನ್ನಿಗೆ ಇಳಿಯುತ್ತದೆ. ಟ್ಯಾಂಕು ಸೋರಿದರೂ ಅದು ಇಳಿಯುವುದು ಕೆಳಕ್ಕೇ: ಚಾಲಕನ ಪಾದದ ಮೇಲೆ, ವಿದ್ಯುತ್ ತಂತಿಗಳ ಮೇಲೆ, ಕೆಲವೊಮ್ಮೆ ಬಿಸಿ ಹೊಗೆಕೊಳವೆಯ ಕಡೆಗೆ.

ಕರ್ನಾಟಕದಲ್ಲಿ ಇಂಥ ವಿಮಾನಗಳ ಚರಿತ್ರೆ ಬೆಂಗಳೂರಿನದು. ಉದ್ಯಮಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜೊತೆಗೂಡಿ 1940ರ ಡಿಸೆಂಬರಿನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಂಪನಿ ಮರುವರ್ಷವೇ ಅಮೆರಿಕದ ಹಾರ್ಲೊ ತರಬೇತಿ ವಿಮಾನವನ್ನು ಜೋಡಿಸಿ ಹಾರಿಸಿತು. ಅಲ್ಲೇ ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್‌ಟಿ-2 ಪೂರ್ತಿ ಲೋಹದ ತರಬೇತಿ ವಿಮಾನ. ಅದು ಮೊದಲು ಹಾರಿದ್ದು 1951ರ ಆಗಸ್ಟಿನಲ್ಲಿ. ಅಮೆರಿಕದ ಏರೊಂಕಾ ಚೀಫ್ ಮಾದರಿಯನ್ನು ಹೋಲುವ ಪುಷ್ಪಕ್ 1958ರ ಸೆಪ್ಟೆಂಬರಿನಲ್ಲಿ ಹಾರಿತು. ಉಕ್ಕಿನ ಕೊಳವೆಗಳ ಹಂದರ, ಅದರ ಮೇಲೆ ಬಟ್ಟೆಯ ಹೊದಿಕೆ, ಮೂತಿಯಲ್ಲಿ 90 ಅಶ್ವಶಕ್ತಿಯ ಕಾಂಟಿನೆಂಟಲ್ ಎಂಜಿನ್, ಒತ್ತೊತ್ತಾಗಿ ಎರಡು ಆಸನ. ದೇಶದ ಫ್ಲೈಯಿಂಗ್ ಕ್ಲಬ್ಬುಗಳಿಗೆಂದು ಸುಮಾರು ನೂರೈವತ್ತು ಪುಷ್ಪಕ್‌ಗಳನ್ನು ಬೆಂಗಳೂರು ಕಟ್ಟಿಕೊಟ್ಟಿತು. ಆ ಪೀಳಿಗೆಯ ಯಾವ ವಿಮಾನ ಈಗ ಉಳಿದಿದ್ದರೂ ಅದರ ಟ್ಯಾಂಕಿಗೆ ಐವತ್ತು ವರ್ಷ ದಾಟಿದೆ.

ಟ್ಯಾಂಕು ಯಾವುದರಿಂದ ಆದದ್ದು ಎಂಬುದರ ಮೇಲೆ ದುರಸ್ತಿಯ ದಾರಿ ನಿಲ್ಲುತ್ತದೆ. 1930 ಮತ್ತು 40ರ ದಶಕದ ಅಗ್ಗದ ವಿಮಾನಗಳಲ್ಲಿ ಬಳಸಿದ್ದು ಕಲಾಯಿ ಹಾಕಿದ ಉಕ್ಕಿನ ತಗಡು, ಇಲ್ಲವೆ ಸೀಸ-ತವರದ ಲೇಪವಿದ್ದ ಟರ್ನ್ ತಗಡು. ಅಂಚುಗಳನ್ನು ಮಡಚಿ, ರಿವೆಟ್ ಬಡಿದು, ಸಂದಿಗೆ ಸೋಲ್ಡರ್ ಹರಿಸಿ ಅದನ್ನು ಮುಗಿಸುತ್ತಿದ್ದರು. ಎರಡನೆಯದು ಬೆಸೆದ ಅಲ್ಯೂಮಿನಿಯಂ ಟ್ಯಾಂಕು. ಮೂರನೆಯದರಲ್ಲಿ ಬೇರೆ ಪಾತ್ರೆಯೇ ಇಲ್ಲ, ರೆಕ್ಕೆಯ ಒಂದು ಕೋಣೆಯನ್ನೇ ಸೀಲಂಟ್ ಬಳಿದು ಟ್ಯಾಂಕು ಮಾಡಿರುತ್ತಾರೆ. ಮೂನಿ ವಿಮಾನಗಳ ‘ಒದ್ದೆ ರೆಕ್ಕೆ’ ಇದಕ್ಕೆ ಹೆಸರುವಾಸಿ, ಸೋರುವುದಕ್ಕೂ ಅಷ್ಟೇ ಹೆಸರುವಾಸಿ. ನಾಲ್ಕನೆಯದು ರೆಕ್ಕೆಯೊಳಗೆ ತೂಗುಹಾಕಿದ ರಬ್ಬರ್ ಚೀಲ. ಫೈಬರ್‌ಗ್ಲಾಸ್ ಬಂದದ್ದು ತಡವಾಗಿ.

ಲೋಹದ ಟ್ಯಾಂಕು ಸುಮ್ಮನೆ ತೂತಾಗುವುದಿಲ್ಲ. ಒಳಗಿನ ಪೆಟ್ರೋಲ್ ಕುಲುಕಾಡದಂತೆ ಅಡ್ಡಕ್ಕೆ ನಿಲ್ಲಿಸಿದ ಬ್ಯಾಫಲ್ ಎಂಬ ತಡಿಕೆಗಳಿರುತ್ತವೆ. ಎಂಜಿನ್ ನಡುಕಕ್ಕೆ ಅವು ಗೋಡೆಯನ್ನು ಕಚ್ಚಿಕೊಂಡ ಜಾಗದಲ್ಲಿ ಬಿರುಕು ಹುಟ್ಟುತ್ತದೆ. ಪಟ್ಟಿ ಬಿಗಿದ ಕಡೆ ಸವೆತ. ಪಟ್ಟಿಯ ಅಡಿಗೆ ಹಿಂದೆ ಉಣ್ಣೆಯ ಫೆಲ್ಟ್ ಇಲ್ಲವೆ ತೊಗಲು ಹಾಕುತ್ತಿದ್ದರು. ಅದು ತೇವ ಹೀರಿ, ವರ್ಷಗಟ್ಟಲೆ ತಗಡಿಗೆ ಒದ್ದೆ ಬಟ್ಟೆ ಸುತ್ತಿಟ್ಟಂತೆ ಕೂರುತ್ತದೆ. ಟ್ಯಾಂಕಿನ ತಳದಲ್ಲಿ ನಡೆಯುವುದು ಇನ್ನೊಂದು ಬಗೆಯ ಹಾಳು. ಅರ್ಧ ಖಾಲಿ ಟ್ಯಾಂಕಿನ ಗಾಳಿ ರಾತ್ರಿ ತಣಿದಾಗ ಒಳಗೋಡೆಗೆ ಹನಿ ಕಟ್ಟುತ್ತದೆ. ನೀರು ಪೆಟ್ರೋಲಿಗಿಂತ ಭಾರ, ತಳಕ್ಕೆ ಹೋಗಿ ನಿಲ್ಲುತ್ತದೆ. ವಿಮಾನದ ಪೆಟ್ರೋಲಿಗೆ ಸೇರಿಸುವ ಸೀಸದ ಸಂಯುಕ್ತದ ಜೊತೆ ಎಥಿಲೀನ್ ಡೈಬ್ರೋಮೈಡ್ ಇರುತ್ತದೆ. ಇವು ಆ ನೀರಿಗೆ ಬೆರೆತರೆ ಅಲ್ಯೂಮಿನಿಯಂ ಕೊರೆಯುವ ಆಮ್ಲ ಹುಟ್ಟಬಹುದು. ತಳದಲ್ಲಿ ಸೂಜಿಮೊನೆಯಷ್ಟರ ಗುಳಿಗಳು ಬೀಳುವುದು ಹೀಗೆ. ಇದನ್ನು ತಡೆಯಲೆಂದೇ ಕೆಲವು ಹಳೆಯ ಟ್ಯಾಂಕುಗಳ ತಳದಲ್ಲಿ ಪೊಟ್ಯಾಸಿಯಂ ಡೈಕ್ರೊಮೇಟ್ ಹರಳಿನ ಪುಟ್ಟ ಕಾಟ್ರಿಜ್ ಇಡುತ್ತಿದ್ದರು. ದುರಸ್ತಿಗೆ ಬಿಚ್ಚಿದಾಗ ಅದು ಅಲ್ಲಿದೆಯೇ, ಕರಗಿಹೋಗಿದೆಯೇ ಎಂದು ನೋಡುವುದು ಒಳ್ಳೆಯ ಮೆಕ್ಯಾನಿಕ್‌ನ ಲಕ್ಷಣ.

ಕರಾವಳಿಯಲ್ಲಿ ಇದೆಲ್ಲ ಬೇಗ ನಡೆಯುತ್ತದೆ. ಮಂಗಳೂರಿನ ಕಂಕನಾಡಿಯಿಂದ ಅರಬ್ಬೀ ಸಮುದ್ರ ಕೆಲವೇ ಕಿಲೊಮೀಟರ್. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವ, ಗಾಳಿಯಲ್ಲೇ ಉಪ್ಪಿರುವ ಊರಿದು. ಮಳೆಗಾಲದ ನಾಲ್ಕು ತಿಂಗಳು ಹಾರದೆ ನಿಲ್ಲುವ ವಿಮಾನದ ಟ್ಯಾಂಕನ್ನು ತುಂಬಿಸಿಡಬೇಕು ಎನ್ನುವ ನಿಯಮ ಇಲ್ಲಿ ಪುಸ್ತಕದ ಮಾತಾಗಿ ಉಳಿಯುವುದಿಲ್ಲ. ಮಳೆ ಮುಗಿದ ಮೇಲೆ ಇನ್ನೊಂದು ತೊಂದರೆ ಕಾದಿರುತ್ತದೆ. ಮಣ್ಣಿನ ಗೂಡು ಕಟ್ಟುವ ಕಣಜಕ್ಕೆ ಟ್ಯಾಂಕಿನ ಗಾಳಿಕಿಂಡಿ ಹೇಳಿ ಮಾಡಿಸಿದ ಜಾಗ. ಕಿಂಡಿ ಮುಚ್ಚಿದರೆ ಪೆಟ್ರೋಲ್ ಇಳಿದಂತೆಲ್ಲ ಒಳಗೆ ನಿರ್ವಾತ ಬೆಳೆದು ಎಂಜಿನ್ನಿಗೆ ಹರಿವು ನಿಲ್ಲುತ್ತದೆ, ಇಲ್ಲವೆ ತೆಳು ಗೋಡೆ ಒಳಕ್ಕೆ ಸೆಳೆದುಕೊಂಡು ಸಂದಿ ಬಾಯಿಬಿಡುತ್ತದೆ.

ಇತ್ತೀಚಿನ ಶತ್ರು ಎಥನಾಲ್. 2025ರ ಹೊತ್ತಿಗೆ ದೇಶದ ಬಂಕುಗಳ ಪೆಟ್ರೋಲಿನಲ್ಲಿ ಶೇ 20ರಷ್ಟು ಎಥನಾಲ್ ಬೆರೆತಿದೆ. ಅದು ಹಳೆಯ ರಬ್ಬರನ್ನು ಉಬ್ಬಿಸುತ್ತದೆ, ಟ್ಯಾಂಕಿನ ಒಳಲೇಪವನ್ನು ಎಬ್ಬಿಸುತ್ತದೆ, ಗಾಳಿಯ ತೇವ ಹೀರುತ್ತದೆ. ಕಬ್‌ನಂಥ ವಿಮಾನದಲ್ಲಿ ಇಂಧನದ ಮಟ್ಟ ತೋರಿಸುವುದು ಮುಚ್ಚಳದಿಂದ ಮೇಲಕ್ಕೆ ಚಾಚಿದ ಒಂದು ತಂತಿ. ಅದರ ಕೆಳತುದಿಯಲ್ಲಿ ವಾರ್ನಿಷ್ ಬಳಿದ ಬೆಂಡಿನ ತೇಲು. ಎಥನಾಲ್ ವಾರ್ನಿಷ್ ಕರಗಿಸಿದರೆ ಬೆಂಡು ಪೆಟ್ರೋಲ್ ಕುಡಿದು ಮುಳುಗುತ್ತದೆ, ತುಂಬಿದ ಟ್ಯಾಂಕೂ ಖಾಲಿ ಎಂದು ತೋರುತ್ತದೆ. ಮೋಟಾರು ಪೆಟ್ರೋಲಿಗೆ ಒಪ್ಪಿಗೆ ಪಡೆದ ಹಳೆಯ ಕಾಂಟಿನೆಂಟಲ್ ಎಂಜಿನ್ನುಗಳಿಗೂ ಆ ಒಪ್ಪಿಗೆ ಎಥನಾಲ್ ಇಲ್ಲದ ಪೆಟ್ರೋಲಿಗೆ ಮಾತ್ರ. ಆದ್ದರಿಂದ ಕಂಕನಾಡಿಯ ಬಂಕಿನಲ್ಲಿ ಸಿಗುವ ಪೆಟ್ರೋಲ್ ಇಂಥ ವಿಮಾನಕ್ಕೆ ಆಗದು. ಬೇಕಾದದ್ದು ವಿಮಾನದ ಪೆಟ್ರೋಲ್ ಎವಿಗ್ಯಾಸ್ 100 ಎಲ್‌ಎಲ್. ಆಮದಿನ ಮೇಲೆ ನಡೆಯುತ್ತಿದ್ದ ಈ ಇಂಧನವನ್ನು ಇಂಡಿಯನ್ ಆಯಿಲ್ 2022ರಿಂದ ಗುಜರಾತಿನ ತನ್ನ ಸಂಸ್ಕರಣಾಗಾರದಲ್ಲೇ ತಯಾರಿಸುತ್ತಿದೆ.

ಸೋರಿಕೆಯನ್ನು ಕಣ್ಣಿಗೆ ಕಾಣಿಸಿಕೊಡುವುದು ಇಂಧನಕ್ಕೆ ಬೆರೆಸಿದ ಬಣ್ಣ. 100 ಎಲ್‌ಎಲ್ ನೀಲಿ, ಹಿಂದಿನ 80/87 ಕೆಂಪು, 100/130 ಹಸಿರು. ಪೆಟ್ರೋಲ್ ಆವಿಯಾಗಿ ಹೋದರೂ ಬಣ್ಣ ಕಲೆಯಾಗಿ ಉಳಿಯುತ್ತದೆ. ಆದರೆ ಕಲೆ ಇರುವ ಜಾಗವೇ ತೂತಿನ ಜಾಗ ಎಂದು ನಂಬಿದವರು ಕೆಲಸವನ್ನು ಎರಡು ಬಾರಿ ಮಾಡಬೇಕಾಗುತ್ತದೆ. ಹಂಚಿನ ಮನೆಯಲ್ಲಿ ಮಳೆನೀರು ಒಡೆದ ಹಂಚಿನಿಂದ ಇಳಿದು, ರೀಪು ಹಿಡಿದು ಸಾಗಿ, ಇನ್ನೆಲ್ಲೋ ತೊಟ್ಟಿಕ್ಕುವ ಹಾಗೆ ಪೆಟ್ರೋಲೂ ರಿವೆಟ್ ಸಾಲು ಹಿಡಿದು, ರೆಕ್ಕೆಯ ಪಕ್ಕೆಲುಬು ಹಿಡಿದು ಅರ್ಧ ಮೀಟರ್ ದೂರದಲ್ಲಿ ಹೊರಬೀಳಬಹುದು. ಬಟ್ಟೆ ಹೊದಿಸಿದ ರೆಕ್ಕೆಯಲ್ಲಂತೂ ಕಲೆ ಮೂಡುವುದು ಬಟ್ಟೆ ತಗ್ಗಿದಲ್ಲಿ.

ಕಲೆಯ ಗಾತ್ರ ನೋಡಿ ಸೋರಿಕೆಯನ್ನು ಅಳೆಯುವ ರೂಢಿಯಿದೆ. ಜಾಗವನ್ನು ಒರೆಸಿ ಒಣಗಿಸಿ ಅರ್ಧ ಗಂಟೆ ಕಾದು ನೋಡುತ್ತಾರೆ. ಲಘು ವಿಮಾನಗಳಿಗೆ ಬಳಕೆಯಲ್ಲಿರುವ ಒಂದು ವರ್ಗೀಕರಣದಲ್ಲಿ ಮುಕ್ಕಾಲು ಇಂಚಿನೊಳಗಿನದು ಕಲೆ, ಒಂದೂವರೆ ಇಂಚಿನವರೆಗಿನದು ಒಸರು, ಅದಕ್ಕೂ ದೊಡ್ಡದು ಜೋರು ಒಸರು, ಹನಿ ಕಟ್ಟಿ ಬೀಳುವುದು ಹರಿಯುವ ಸೋರಿಕೆ. ಗಾಳಿಯಾಡುವ ಹೊರಮೈಯಲ್ಲಿನ ಕಲೆಯನ್ನು ಗುರುತು ಹಾಕಿ ಮುಂದಿನ ತಪಾಸಣೆಯವರೆಗೆ ಬಿಡಬಹುದು. ಮುಚ್ಚಿದ ಜಾಗದಲ್ಲಿ, ಚಾಲಕನ ಕೋಣೆಯಲ್ಲಿ, ಎಂಜಿನ್ ಬಳಿಯಲ್ಲಿ ಸಣ್ಣ ಒಸರು ಕಂಡರೂ ವಿಮಾನ ಹಾರುವಂತಿಲ್ಲ.

ಟ್ಯಾಂಕು ಬಿಚ್ಚುವ ಮೊದಲು ಟ್ಯಾಂಕಲ್ಲದ್ದನ್ನೆಲ್ಲ ನೋಡುವುದು ವಿವೇಕ. ತಳದ ಡ್ರೇನ್ ವಾಲ್ವಿನ ಓ-ರಿಂಗ್, ಗಟ್ಟಿಕಟ್ಟಿದ ರಬ್ಬರ್ ಹೋಸು, ಸಡಿಲಾದ ಕ್ಲಿಪ್, ಗೇಜ್ ಕೂರಿಸಿದ ಕಡೆಯ ಗ್ಯಾಸ್ಕೆಟ್, ಮುಚ್ಚಳದ ವಾಷರ್: ‘ಟ್ಯಾಂಕು ಲೀಕ್’ ಎಂದು ಬಂದ ದೂರು ಇವುಗಳಲ್ಲೇ ಮುಗಿದುಹೋಗುವುದುಂಟು. ಹತ್ತು ನಿಮಿಷದಲ್ಲಿ ಬದಲಿಸುವ ಓ-ರಿಂಗಿಗಾಗಿ ರೆಕ್ಕೆ ಬಿಚ್ಚಿದ ಕತೆ ಪ್ರತಿ ಹ್ಯಾಂಗರಿನಲ್ಲೂ ಒಂದಿರುತ್ತದೆ.

ಕಂಕನಾಡಿಯಂಥ ಪೇಟೆಯ ಗ್ಯಾರೇಜಿಗೆ ಸೋರುವ ಸ್ಕೂಟರ್ ಟ್ಯಾಂಕು ಬಂದರೆ ನೀರು ತುಂಬಿಸಿ, ತೂತಿನ ಸುತ್ತ ಕೆರೆದು, ಬೆಸುಗೆ ಹಾಕಿ ಸಂಜೆಯೊಳಗೆ ಕೊಡುತ್ತಾರೆ. ಕೈಚಳಕ ಎರಡು ಕಡೆಯೂ ಒಂದೇ. ವಿಮಾನದ ಟ್ಯಾಂಕಿನಲ್ಲಿ ಬೇರೆಯಾಗುವುದು ಬೆಸುಗೆಗೆ ಮುಂಚಿನ ಮತ್ತು ನಂತರದ ಕೆಲಸ. ಮುಂಚಿನದರಲ್ಲಿ ಮೊದಲು ಅರಿಯಬೇಕಾದದ್ದು, ತುಂಬಿದ ಟ್ಯಾಂಕಿಗಿಂತ ಖಾಲಿ ಮಾಡಿದ ಟ್ಯಾಂಕೇ ಹೆಚ್ಚು ಅಪಾಯಕಾರಿ ಎಂಬುದು. ಪೆಟ್ರೋಲ್ ಆವಿ ಗಾಳಿಯಲ್ಲಿ ಸರಿಸುಮಾರು ಶೇ 1.4ರಿಂದ 7.6ರಷ್ಟು ಬೆರೆತಾಗ ಸಿಡಿಯುತ್ತದೆ. ತುಂಬಿದ ಟ್ಯಾಂಕಿನೊಳಗಿನ ಆವಿ ಸಾಮಾನ್ಯವಾಗಿ ಇದಕ್ಕಿಂತ ದಟ್ಟ, ಸಿಡಿಯಲು ಬೇಕಾದಷ್ಟು ಗಾಳಿ ಅಲ್ಲಿಲ್ಲ. ಬಸಿದು ಗಾಳಿಗಿಟ್ಟಾಗ ಮಿಶ್ರಣ ತೆಳುವಾಗುತ್ತ ಸರಿಯಾಗಿ ಸಿಡಿಯುವ ಹದಕ್ಕೆ ಬರುತ್ತದೆ. ಒಂದು ಟೀ ಚಮಚ ಪೆಟ್ರೋಲ್ ಆವಿಯಾದರೆ ಒಂದು ಲೀಟರಿಗೆ ಸ್ವಲ್ಪ ಕಡಿಮೆ ಆವಿ ಕೊಡುತ್ತದೆ. 60 ಲೀಟರಿನ ಟ್ಯಾಂಕನ್ನು ಬಾಂಬ್ ಮಾಡಲು ಅಷ್ಟು ಸಾಕು. ಮಡಚಿದ ಸಂದಿಗಳಲ್ಲಿ, ಹಳೆಯ ಸೀಲಂಟಿನ ಪದರದಲ್ಲಿ ಒಂದು ಚಮಚ ಅಡಗಿ ಕೂರುವುದು ಸುಲಭ. ಆವಿ ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರವಾದ್ದರಿಂದ ನೆಲ ಹಿಡಿದು ಹರಿದು, ಆಚೆ ಮೂಲೆಯ ಫ್ರಿಜ್ಜಿನ ಕಿಡಿಯನ್ನೋ ಸ್ಟೌವನ್ನೋ ಮುಟ್ಟಿ ಬೆಂಕಿಯನ್ನು ಹಿಂದಕ್ಕೆ ತರಬಲ್ಲದು.

ಆದ್ದರಿಂದ ಪೆಟ್ರೋಲ್ ಬಸಿಯುವುದು ಬಯಲಿನಲ್ಲಿ, ವಿಮಾನವನ್ನೂ ಡ್ರಮ್ಮನ್ನೂ ನೆಲಕ್ಕೆ ಅರ್ಥ್ ಮಾಡಿ, ಬ್ಯಾಟರಿ ಕಳಚಿ. ಬಿಚ್ಚಿದ ಟ್ಯಾಂಕಿನ ತಳದಿಂದ ಬಿಸಿನೀರು ಹಾಯಿಸಿ ಮೇಲಿನಿಂದ ಉಕ್ಕಿ ಹರಿಯಲು ಬಿಡುತ್ತಾರೆ, ಇಲ್ಲವೆ ಗಂಟೆಗಟ್ಟಲೆ ಹಬೆ ಹಾಯಿಸುತ್ತಾರೆ. ಹಬೆಯ ಕೊಳವೆಯನ್ನೂ ಟ್ಯಾಂಕಿಗೆ ತಂತಿಯಿಂದ ಜೋಡಿಸಬೇಕು, ಹಬೆ ಉಜ್ಜಿ ಹೊರಡುವಾಗ ಸ್ಥಾಯಿವಿದ್ಯುತ್ ಹುಟ್ಟುತ್ತದೆ. ಇಂಗಾಲದ ಡೈಆಕ್ಸೈಡ್ ತುಂಬಿಸುವುದು ಇನ್ನೊಂದು ದಾರಿ. ಬೆಂಕಿ ಆರಿಸುವ ಸಿಲಿಂಡರಿನಿಂದ ಅದನ್ನು ಭರ್ರನೆ ಊದಿದರೆ ಅದೇ ಸ್ಥಾಯಿವಿದ್ಯುತ್ತಿನ ಅಪಾಯ, ಡ್ರೈ ಐಸ್ ತುಣುಕು ಹಾಕುವುದು ಮೇಲು. ಮೂಗನ್ನು ನಂಬುವ ಹಾಗಿಲ್ಲ. ಆವಿ ಅಳೆಯುವ ಮೀಟರು ಸಿಡಿಯುವ ಕನಿಷ್ಠ ಮಟ್ಟದ ಹತ್ತರಲ್ಲೊಂದು ಪಾಲಿಗಿಂತ ಕೆಳಗೆ ತೋರಿದ ಮೇಲೆಯೇ ಬೆಂಕಿಯ ಕೆಲಸ. ಕಾದ ಸಂದಿ ಮತ್ತೆ ಆವಿ ಬಿಡುವುದರಿಂದ ನಡುನಡುವೆ ಇನ್ನೊಮ್ಮೆ ಅಳೆಯಬೇಕು.

ತಗಡಿನ ಟ್ಯಾಂಕಿನ ದುರಸ್ತಿ ಕಲಾಯಿಯವನ ವಿದ್ಯೆಗೆ ಹತ್ತಿರದ್ದು. ತುಕ್ಕು ಮತ್ತು ಬಣ್ಣವನ್ನು ಹೊಳೆಯುವ ಲೋಹದವರೆಗೆ ಕೆರೆದು, ಫ್ಲಕ್ಸ್ ಹಚ್ಚಿ, ಮೊದಲು ತೆಳುವಾಗಿ ತವರ ಹಿಡಿಸಿ, ಬಳಿಕ ತೇಪೆಯ ತಗಡನ್ನು ಕೂರಿಸಿ ಸೋಲ್ಡರ್ ಹರಿಸುತ್ತಾರೆ. ಸರಿಸಮ ಸೀಸ-ತವರದ ಸೋಲ್ಡರ್ 183 ಡಿಗ್ರಿ ಸೆಲ್ಸಿಯಸಿಗೆ ಮೆತ್ತಗಾಗತೊಡಗಿ 215 ಡಿಗ್ರಿಯ ಸುತ್ತ ಪೂರ್ತಿ ಕರಗುತ್ತದೆ. ಸೋಲ್ಡರ್ ಸಂದಿ ಮುಚ್ಚಬಲ್ಲದು, ಭಾರ ಹೊರಲಾರದು. ಹೊರಬೇಕಾದದ್ದು ಮಡಿಕೆ ಮತ್ತು ರಿವೆಟ್. ಬಿರುಕಿನ ಮೇಲೆ ಬರಿಯ ಸೋಲ್ಡರಿನ ಗುಡ್ಡೆ ಹಾಕಿದರೆ ಕೆಲವು ಗಂಟೆಗಳ ಹಾರಾಟದಲ್ಲಿ ನಡುಕ ಅದನ್ನು ಸೀಳುತ್ತದೆ. ಆಮ್ಲದ ಫ್ಲಕ್ಸನ್ನು ತೊಳೆದು ತಟಸ್ಥಗೊಳಿಸದಿದ್ದರೆ ಹೊಸ ತುಕ್ಕಿಗೆ ತಾನೇ ಬೀಜ ಬಿತ್ತಿದಂತೆ.

ಅಲ್ಯೂಮಿನಿಯಂ ಇಷ್ಟು ಸಲೀಸಲ್ಲ. 3003, 5052ರಂಥ ಮಿಶ್ರಲೋಹಗಳು ಬೆಸುಗೆಗೆ ಒಗ್ಗುತ್ತವೆ. ವಿಮಾನದ ಮೈಗೆ ಬಳಸುವ 2024 ಒಗ್ಗುವುದಿಲ್ಲ, ಅದನ್ನು ರಿವೆಟ್ ಮತ್ತು ಸೀಲಂಟಿನಲ್ಲೇ ಮುಚ್ಚಬೇಕು. ಹಿಂದೆ ಗ್ಯಾಸ್ ವೆಲ್ಡಿಂಗಿನಲ್ಲಿ ಬಳಸುತ್ತಿದ್ದ ಫ್ಲಕ್ಸ್ ಒಳಗೆ ಉಳಿದರೆ ಲೋಹ ತಿನ್ನುತ್ತದೆ, ಅದಕ್ಕೆ ಬಿಸಿನೀರು ಮತ್ತು ತೆಳು ಆಮ್ಲದ ತೊಳೆತ ಕಡ್ಡಾಯ. ಫ್ಲಕ್ಸ್ ಬೇಡದ, ಆರ್ಗಾನ್ ಹಾಯಿಸುತ್ತ ಮಾಡುವ ಟಿಗ್ ವೆಲ್ಡಿಂಗ್ ಈಗಿನ ರೂಢಿ. ಹಳೆಯ ಬಿರುಕಿನ ತಳದಲ್ಲಿ ಅಂಟಿದ ಇಂಧನದ ಜಿಡ್ಡನ್ನು ಪೂರ್ತಿ ತೆಗೆಯದಿದ್ದರೆ ಬೆಸುಗೆ ಗುಳ್ಳೆಗುಳ್ಳೆಯಾಗುತ್ತದೆ. ತಳವೆಲ್ಲ ಗುಳಿಬಿದ್ದ ಟ್ಯಾಂಕಿಗೆ ಒಂದು ತೂತು ಮುಚ್ಚಿದರೆ ಪಕ್ಕದ್ದು ಬಾಯಿಬಿಡುತ್ತದೆ. ಅಂಥದ್ದಕ್ಕೆ ಹೊಸ ತಳವೋ ಹೊಸ ಟ್ಯಾಂಕೋ ಸರಿ.

ಇಲ್ಲಿ ಸ್ಲಾಶಿಂಗ್ ಬಗ್ಗೆ ಹೇಳಬೇಕು. ದ್ರವ ಲೇಪವನ್ನು ಟ್ಯಾಂಕಿಗೆ ಸುರಿದು, ಎಲ್ಲ ಬದಿಗೆ ಹೊರಳಿಸಿ, ಉಳಿದದ್ದನ್ನು ಬಸಿದು ಒಣಗಿಸುವುದು ಈ ವಿಧಾನ. ಬೆಸುಗೆಯ ಗೋಜಿಲ್ಲ, ಆದ್ದರಿಂದ ಇದಕ್ಕೆ ಮನಸೋತವರು ಬಹಳ. ಆದರೆ ಜಿಡ್ಡು ಹೋಗದ ಗೋಡೆಗೆ ಲೇಪ ಕಚ್ಚುವುದಿಲ್ಲ. ವರ್ಷಗಳ ಮೇಲೆ ಅದು ಹಾಳೆಹಾಳೆಯಾಗಿ ಎದ್ದು ಟ್ಯಾಂಕಿನ ಬಾಯಿಯ ಜರಡಿಗೆ ಅಡ್ಡ ಕೂತರೆ ಎಂಜಿನ್ ಗಾಳಿಯಲ್ಲೇ ನಿಲ್ಲುತ್ತದೆ. ಹಳೆಯ ಬಗೆಯ ಲೇಪಗಳನ್ನು ಎಥನಾಲ್ ಕರಗಿಸಿಯೇಬಿಡುತ್ತದೆ. ರಿವೆಟ್ ಸಂದಿಯ ಒಸರಿಗೆ, ಸ್ವಚ್ಛ ಟ್ಯಾಂಕಿನಲ್ಲಿ, ತಯಾರಕರು ಒಪ್ಪಿದ ಲೇಪವಾದರೆ ನಡೆಯುತ್ತದೆ. ಬಿರುಕಿಗೂ ತುಕ್ಕಿಗೂ ಅದು ಮದ್ದಲ್ಲ.

ಒದ್ದೆ ರೆಕ್ಕೆಯ ದುರಸ್ತಿ ಪಾಲಿಸಲ್ಫೈಡ್ ಸೀಲಂಟಿನದು. ಹಳೆಯದನ್ನು ಪ್ಲಾಸ್ಟಿಕ್ ಉಳಿಯಿಂದ ಕೆರೆದು, ದ್ರಾವಕದಲ್ಲಿ ಒರೆಸಿ, ಅದು ಆರುವ ಮೊದಲೇ ಒಣಬಟ್ಟೆಯಿಂದ ತೆಗೆದು, ಎರಡು ಭಾಗದ ಹೊಸ ಸೀಲಂಟನ್ನು ತೂಕ ಹಾಕಿ ಕಲಸಿ ಬಳಿಯಬೇಕು. ಡಬ್ಬಿಯ ಮೇಲೆ ‘ಬಿ-2’ ಎಂದಿದ್ದರೆ ಕೆಲಸಕ್ಕೆ ಎರಡು ಗಂಟೆ ಸಮಯವಿದೆ ಎಂದರ್ಥ. ಆದರೆ ಆ ಎರಡು ಗಂಟೆ ಲೆಕ್ಕ ಹಾಕಿದ್ದು 25 ಡಿಗ್ರಿ ಉಷ್ಣತೆಗೆ, ಶೇ 50ರ ತೇವಾಂಶಕ್ಕೆ. ಉಷ್ಣತೆ ಐದಾರು ಡಿಗ್ರಿ ಏರಿದರೆ ಸಮಯ ಅರ್ಧಕ್ಕಿಳಿಯುತ್ತದೆ, ತೇವವೂ ಅದನ್ನು ತಿನ್ನುತ್ತದೆ. ಮೇ ತಿಂಗಳ ಮಂಗಳೂರಿನಲ್ಲಿ ಒಂದು ಗಂಟೆಯೂ ಸಿಗುವುದಿಲ್ಲ. ಸ್ವಲ್ಪ ಸ್ವಲ್ಪವೇ ಕಲಸಿ, ಬೆಳಗಿನ ಜಾವ ಕೆಲಸ ಮಾಡುವುದು ಲೇಸು. ರಬ್ಬರ್ ಚೀಲ ಬೇರೆಯೇ ಜಾತಿ. ಅದನ್ನು ಒಣಗಲು ಬಿಟ್ಟರೆ ಸೀಳುತ್ತದೆ, ಆದ್ದರಿಂದ ಹತ್ತು ದಿನಕ್ಕಿಂತ ಹೆಚ್ಚು ಖಾಲಿ ಇಡುವುದಾದರೆ ಒಳಗೆ ತೆಳು ಎಣ್ಣೆ ಸವರಬೇಕು. ಅದರ ತೇಪೆ ನುರಿತ ಕಾರ್ಖಾನೆಯ ಕೆಲಸ. ಮರಳಿ ಕೂರಿಸುವಾಗ ತಳದಲ್ಲಿ ಸುಕ್ಕು ಉಳಿದರೆ ಅದರ ಹಿಂದೆ ನೀರು ನಿಲ್ಲುತ್ತದೆ. ಸೆಸ್ನಾ 182ರಂಥ ವಿಮಾನಗಳಲ್ಲಿ ಈ ಸುಕ್ಕುಗಳನ್ನು ಪರೀಕ್ಷಿಸಲು ಅಮೆರಿಕದ ವಿಮಾನಯಾನ ಆಡಳಿತ 1984ರಲ್ಲಿ ಕಡ್ಡಾಯ ಆದೇಶವನ್ನೇ ಹೊರಡಿಸಿತು.

ಬೆಸುಗೆ ಆರಿದ ಮೇಲೆ ಒತ್ತಡದ ಪರೀಕ್ಷೆ. ಬಿಡಿ ಲೋಹದ ಟ್ಯಾಂಕಿಗೆ ಅಮೆರಿಕದ ನಿಯಮ ಹೇಳುವ ಒತ್ತಡ ಚದರ ಇಂಚಿಗೆ 3.5 ಪೌಂಡ್, ಅಂದರೆ ಎರಡೂವರೆ ಮೀಟರ್ ಎತ್ತರದ ನೀರಿನ ಕಂಬದಷ್ಟು. ಕೇಳಲು ಅಲ್ಪ, ಆದರೆ 30 ಸೆಂಟಿಮೀಟರ್ ಚದರದ ಚಪ್ಪಟೆ ಗೋಡೆಯ ಮೇಲೆ ಅದು 220 ಕಿಲೊಗ್ರಾಂ ತಳ್ಳುತ್ತದೆ. ಟಯರಿಗೆ ಗಾಳಿ ಹಾಕುವ ಕಂಪ್ರೆಸರನ್ನು ನೇರ ಜೋಡಿಸಿದರೆ ಟ್ಯಾಂಕು ಕುಂಬಳಕಾಯಿಯಂತೆ ಊದಿ ಒಡೆಯುತ್ತದೆ. ಪಾರದರ್ಶಕ ಕೊಳವೆಯಲ್ಲಿ ನೀರು ತುಂಬಿದ ಮ್ಯಾನೊಮೀಟರು ಅಗ್ಗದ್ದು, ನಿಖರವಾದದ್ದು, ಒತ್ತಡ ಮೀರಿದರೆ ನೀರು ತಾನೇ ಹೊರಚೆಲ್ಲಿ ಟ್ಯಾಂಕನ್ನು ಉಳಿಸುತ್ತದೆ. ಸಂದಿಗಳಿಗೆ ಸಾಬೂನು ನೀರು ಬಳಿದು ಗುಳ್ಳೆ ಹುಡುಕುತ್ತಾರೆ. ಟ್ಯಾಂಕನ್ನು ನೆರಳಿನಲ್ಲೇ ಇಡಬೇಕು: ಒಂದು ಡಿಗ್ರಿ ಉಷ್ಣತೆ ಏರಿಳಿದರೆ ನೀರಿನ ಕಂಬ ನಾಲ್ಕು ಸೆಂಟಿಮೀಟರ್ ಏರಿಳಿಯುತ್ತದೆ. ಮೋಡ ಅಡ್ಡ ಬಂದದ್ದನ್ನು ಸೋರಿಕೆ ಎಂದು ಬಗೆದವರುಂಟು.

ಮರುಜೋಡಣೆಯಲ್ಲಿ ಫೆಲ್ಟಿನ ಬದಲು ನೀರು ಹೀರದ ಪಟ್ಟಿ, ಹೊಸ ಹೋಸು, ಸ್ಥಾಯಿವಿದ್ಯುತ್ ಇಳಿಸುವ ತಂತಿ, ತೆರೆದ ಗಾಳಿಕಿಂಡಿ. ಟ್ಯಾಂಕನ್ನು ಕಾಲು, ಅರ್ಧ, ಪೂರ್ತಿ ಹೀಗೆ ಹಂತಹಂತವಾಗಿ ತುಂಬಿ, ಅಡಿಗೆ ಬಿಳಿ ಕಾಗದ ಹಾಸಿ ರಾತ್ರಿ ಬಿಡುತ್ತಾರೆ. ಬೆಳಿಗ್ಗೆ ನೀಲಿ ಚುಕ್ಕೆ ಇರಬಾರದು. ಪಂಪಿಲ್ಲದ ವಿಮಾನದಲ್ಲಿ ಎಂಜಿನ್ ಮೇಲೇರುವಾಗ ಕುಡಿಯುವ ಇಂಧನದ ಒಂದೂವರೆ ಪಟ್ಟು ಹರಿವು ಕೊಳವೆಯಲ್ಲಿ ಬರಬೇಕು. ಅಳೆಯುವ ಪಾತ್ರೆ ಮತ್ತು ಗಡಿಯಾರ ಹಿಡಿದು ಇದನ್ನು ನೋಡುತ್ತಾರೆ. ಗೇಜಿನ ಸೊನ್ನೆಯನ್ನು ಸರಿಹೊಂದಿಸುವುದು, ತೇಪೆಯಿಂದ ತೂಕ ಬದಲಾಗಿದ್ದರೆ ಬರೆದಿಡುವುದು ಕೊನೆಯ ಕೆಲಸಗಳು.

ದುರಸ್ತಿಗೆ ತಯಾರಕರ ಕೈಪಿಡಿಯೇ ಮೊದಲ ಆಧಾರ. ಕೈಪಿಡಿ ಮೌನವಾಗಿರುವ ಕಡೆ ಹಳೆಯ ಅಮೆರಿಕನ್ ವಿಮಾನಗಳಿಗೆ ಅಲ್ಲಿನ ಆಡಳಿತದ ಎಸಿ 43.13-1ಬಿ ಎಂಬ ಸಲಹಾ ಪುಸ್ತಕ ಬಳಕೆಯಲ್ಲಿದೆ. ಭಾರತದಲ್ಲಿ ನೋಂದಾಯಿತ ವಿಮಾನದ ಟ್ಯಾಂಕನ್ನು ಎಷ್ಟೇ ನುರಿತ ಬೆಸುಗೆಗಾರ ಸರಿಮಾಡಿದರೂ, ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯದ ಪರವಾನಗಿ ಪಡೆದ ನಿರ್ವಹಣಾ ಎಂಜಿನಿಯರ್ ಅದನ್ನು ಪರೀಕ್ಷಿಸಿ ಲಾಗ್‌ಬುಕ್ಕಿನಲ್ಲಿ ಸಹಿ ಹಾಕುವವರೆಗೆ ಆ ವಿಮಾನ ಹಾರುವಂತಿಲ್ಲ.